ಕಾಸರಕದ ಮರ ಕಡಿಯಬೇಕಾ? ಗಡಿನಾಡಿನ ಮಕ್ಕಳು ಹೊರಗೆ ಕಲಿಯುವ ಲೆಕ್ಕಾಚಾರ

ಕಳೆದ ಸಲ ಶಾಲೆ ಶುರುವಾಗುವ ಮೊದಲು ನಮ್ಮೂರಿನ ಶಾಲೆಯಲ್ಲಿ ಪಿ.ಟಿ.ಎ. (ಹೆತ್ತವರು, ಟೀಚರುಗಳ ಸಂಘ) ಸಭೆ ನಡೆಯಿತು. ಅದರಲ್ಲಿ ಒಂದು ಮರದ ವಿಷಯ ಬಂತು. ಮೈದಾನದ ಮೂಲೆಯಲ್ಲಿ ಒಂದು ಕಾಸರಕದ ಮರ ಇದೆ. ಹಣ್ಣಾದಾಗ ಕಿತ್ತಳೆ ಬಣ್ಣದ ಚಂದದ ಉಂಡೆಗಳು. ಒಳಗೆ ಅಂಗಿಯ ಗುಂಡಿಯ ಹಾಗೆ ಚಪ್ಪಟೆ ಬೀಜ. ಆ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ.

"ಮಕ್ಕಳು ಬಾಯಿಗೆ ಹಾಕಿಕೊಂಡರೆ ಯಾರು ಜವಾಬ್ದಾರಿ? ಕಡಿದು ಬಿಡುವ," ಅಂದರು ಒಬ್ಬ ತಂದೆ.

"ಊರಿಗೆ ಹೆಸರು ಕೊಟ್ಟ ಮರವನ್ನೇ ಕಡಿಯುವುದಾ ಮಾರಾಯ್ರೇ?" ಅಂದರು ಹೆಡ್‌ಮಾಸ್ಟ್ರು.

ಕಾಸರಕದಿಂದ ಕಾಸರಗೋಡು ಎಂಬ ಹೆಸರು ಬಂತು ಎನ್ನುವುದು ಇಲ್ಲಿ ಬಹಳ ಜನ ಒಪ್ಪುವ ಮಾತು. ಕೆಲವು ವರ್ಷಗಳ ಹಿಂದೆ ಜಿಲ್ಲೆಗೆ ಅಂತಲೇ ಒಂದು ಮರ, ಒಂದು ಹಕ್ಕಿ, ಒಂದು ಹೂವು ಗುರುತಿಸಿದಾಗ ಮರದ ಜಾಗ ಸಿಕ್ಕಿದ್ದೂ ಇದಕ್ಕೇ. ಹಾಗಿದ್ದರೆ ಅದು ಯಾವ ಮರ ಅಂತ ಎಷ್ಟು ಜನಕ್ಕೆ ಗೊತ್ತು ಅಂತ ನಾನು ಸಭೆಯಲ್ಲಿ ಕೇಳಿದೆ. ಐವತ್ತು ದಾಟಿದವರು ಕೈ ಎತ್ತಿದರು. ಕಡಿಯಬೇಕು ಅಂದವರಲ್ಲೇ ಇಬ್ಬರು ಪಕ್ಕದ ಮಾವಿನ ಮರದ ಕಡೆ ನೋಡುತ್ತಿದ್ದರು. ಬೆಂಚು ಸರಿಸಲು ಬಂದಿದ್ದ ಏಳನೇ ಕ್ಲಾಸಿನ ಹುಡುಗರಿಗೂ ಗೊತ್ತಿರಲಿಲ್ಲ. ಒಂದನೇ ಕ್ಲಾಸಿನಿಂದ ಅದರ ಕೆಳಗೇ ಆಡಿದವರು ಅವರು.

ಮಕ್ಕಳನ್ನು ಕ್ಲಾಸಿನ ಹೊರಗೆ ಕರೆದುಕೊಂಡು ಹೋಗಿ ಕಲಿಸಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಕ್ಲಾಸಿನವರಿಗೆ 10 ದಿನ ಬ್ಯಾಗ್ ಇಲ್ಲದ ಶಾಲೆ ಇರಲಿ ಅಂದಿತು. ವಿಚಾರ ಹೊಸದಲ್ಲ. ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ಶುರು ಮಾಡಿ ಮರದ ಕೆಳಗೆ ಪಾಠ ಮಾಡಿದರು. ನಮ್ಮ ಗಡಿಯ ಆಚೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳ ಜೊತೆ ಇದೇ ಪ್ರಯೋಗ ಮಾಡಿದರು. ಹಾಗಾಗಿ ಒಳ್ಳೆಯದಾ ಕೆಟ್ಟದ್ದಾ ಅಂತ ಸುಮ್ನೆ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಈ ಮಣ್ಣಿನಲ್ಲಿ, ಈ ಮಳೆಯಲ್ಲಿ, ಇಷ್ಟು ಟೀಚರುಗಳನ್ನು ಇಟ್ಟುಕೊಂಡು ಅದು ಎಷ್ಟು ಆಗುತ್ತದೆ ಅನ್ನುವುದು ಬೇರೆ ಪ್ರಶ್ನೆ. ನನಗೆ ಕಂಡದ್ದು ಇಷ್ಟು: ಹತ್ತಿರ ಹೋದಷ್ಟೂ ಲಾಭ ಜಾಸ್ತಿ, ದೂರ ಹೋದಷ್ಟೂ ಅಪಾಯ ಜಾಸ್ತಿ. ನಮ್ಮ ಶಾಲೆಗಳು ಮಾಡುತ್ತಿರುವುದು ಇದರ ತಿರುಗಾಮುರುಗಾ.

ಮೊದಲು ಕಣ್ಣಿನ ವಿಷಯ

ಹೊರಗಿದ್ದರೆ ಮಕ್ಕಳು ಚುರುಕಾಗುತ್ತಾರೆ, ಗಮನ ಹೆಚ್ಚುತ್ತದೆ, ಮಾರ್ಕು ಏರುತ್ತದೆ ಎಂದೆಲ್ಲ ಹೇಳುವವರಿದ್ದಾರೆ. ಮಾರ್ಕಿನ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಕಣ್ಣಿನ ವಿಷಯದಲ್ಲಿ ಮಾತ್ರ ಗಟ್ಟಿ ಸಾಕ್ಷಿ ಇದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳ ಒಂದನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಉಳಿದ ಶಾಲೆಗಳಲ್ಲಿ ಹಳೆಯ ಪದ್ಧತಿಯೇ ನಡೆಯಿತು. ಮೂರು ವರ್ಷದ ನಂತರ ನೋಡಿದರೆ ಹೊರಗೆ ಬಿಟ್ಟ ಮಕ್ಕಳಲ್ಲಿ 30.4 ಶೇಕಡಾ, ಉಳಿದವರಲ್ಲಿ 39.5 ಶೇಕಡಾ ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ. 2015ರಲ್ಲಿ ಇದು ಪ್ರಕಟವಾಯಿತು.

ಕಾರಣ ಬೆಳಕು. ಟ್ಯೂಬ್‌ಲೈಟ್ ಉರಿಯುವ ಕ್ಲಾಸಿನಲ್ಲಿ ಕೆಲವು ನೂರು ಲಕ್ಸ್ ಬೆಳಕು ಇದ್ದರೆ ಹೆಚ್ಚು. ಹಗಲು ಹೊರಗೆ ಅದು 10,000 ಲಕ್ಸನ್ನು ಸುಲಭವಾಗಿ ದಾಟುತ್ತದೆ. ಜೋರು ಬೆಳಕಿಗೆ ಕಣ್ಣಿನ ಒಳಪದರದಲ್ಲಿ ಡೋಪಮಿನ್ ಹೊರಡುತ್ತದೆ, ಅದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದನ್ನು ತಡೆಯುತ್ತದೆ ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಗಮನಿಸಿ, ಆ ಮಕ್ಕಳಿಗೆ ಬಸ್ಸು ಬೇಕಾಗಲಿಲ್ಲ, ಗುಡ್ಡ ಬೇಕಾಗಲಿಲ್ಲ. ಶಾಲೆಯ ಅಂಗಳ ಸಾಕಾಯಿತು. ಆದರೆ ಪ್ರತಿದಿನ ಬೇಕಾಯಿತು.

ಒಂದು ಎಲೆ, ನಾಲ್ಕು ಹೆಸರು

ಗಡಿನಾಡಿನಲ್ಲಿ ಹೊರಗಿನ ಪಾಠದ ದೊಡ್ಡ ಲಾಭ ಭಾಷೆಗೆ ಸಂಬಂಧಿಸಿದ್ದು. ಇದನ್ನು ಬೇರೆ ಊರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಾಸರಗೋಡು ಇರುವುದು ಕೇರಳದಲ್ಲಿ. ಇಲ್ಲಿ ಕನ್ನಡ ಮಾಧ್ಯಮದ ಒಂದು ಕ್ಲಾಸಿನಲ್ಲಿ ಮನೆಯಲ್ಲಿ ತುಳು ಆಡುವ ಮಗು ಇರುತ್ತದೆ. ಹವ್ಯಕ ಕನ್ನಡದ್ದು, ಮಲಯಾಳದ್ದು, ಕರಾಡ ಮರಾಠಿಯದ್ದು, ಕೊಂಕಣಿಯದ್ದು, ಬ್ಯಾರಿಯದ್ದು ಕೂಡ. ಪುಸ್ತಕ ಬರುವುದು ತಿರುವನಂತಪುರದಿಂದ, ಅನುವಾದವಾಗಿ. ಹಾಗಾಗಿ ಪುಸ್ತಕದ ಕನ್ನಡ ಎಷ್ಟೋ ಸಲ ಯಾರ ಮನೆಯ ಕನ್ನಡವೂ ಆಗಿರುವುದಿಲ್ಲ.

ಪುಸ್ತಕದಲ್ಲಿ "ಒಂದೆಲಗ" ಅಂತ ಇದೆ ಅನ್ನಿ. ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತದೆ. ಶಾಲೆ ಹಿಂದಿನ ತೋಡಿನ (ಸಣ್ಣ ಹೊಳೆಯ) ಬದಿಗೆ ಕರೆದುಕೊಂಡು ಹೋಗಿ ಎಲೆ ತೋರಿಸಿ ನೋಡಿ. ತುಳು ಮನೆಯ ಹುಡುಗಿ "ಇದು ತಿಮರೆ" ಅನ್ನುತ್ತಾಳೆ. ಹವ್ಯಕರ ಹುಡುಗ "ಉರಗೆ, ಇದರ ತಂಬುಳಿ ಮಾಡ್ತಾರೆ" ಅನ್ನುತ್ತಾನೆ. ಮಲಯಾಳ ಮನೆಯವನು "ಮುತ್ತಿಳ್" ಅನ್ನುತ್ತಾನೆ. ಮೂವರಿಗೂ ಮೊದಲೇ ಗೊತ್ತಿದ್ದ ಎಲೆ, ಪುಸ್ತಕದಲ್ಲಿ ಮಾತ್ರ ಅಪರಿಚಿತವಾಗಿತ್ತು. ಆಮೇಲೆ ಜಗಳ ಶುರುವಾಗುತ್ತದೆ, ಯಾವುದು ಸರಿ ಅಂತ. ಸೆಂಟೆಲ್ಲಾ ಏಷಿಯಾಟಿಕಾ ಎಂಬ ಹೆಸರನ್ನು ಆಗ ಹೇಳಬೇಕು. ಸಸ್ಯಕ್ಕೆ ಶಾಸ್ತ್ರೀಯ ಹೆಸರು ಯಾಕೆ ಬೇಕು ಎಂದು ಪುಸ್ತಕದ ಪಾಠ ಉದ್ದಕ್ಕೆ ವಿವರಿಸುತ್ತದೆ. ಇಲ್ಲಿ ಎರಡು ನಿಮಿಷದಲ್ಲಿ ಮಕ್ಕಳೇ ಅದನ್ನು ಕೇಳಿ ಪಡೆದುಕೊಳ್ಳುತ್ತಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಟೀಚರುಗಳ ನೇಮಕ ಇಲ್ಲಿ ಬಹುಕಾಲದ ತಕರಾರು. ಮಕ್ಕಳು, ತಂದೆ ತಾಯಂದಿರು ಧರಣಿ ಕೂತದ್ದೂ ಉಂಟು. ಅಂಥ ಟೀಚರ್ ಕ್ಲಾಸಿನೊಳಗೆ ಬೋರ್ಡು, ಪುಸ್ತಕ ಹಿಡಿದು ಹೇಗೋ ದಾಟುತ್ತಾರೆ. ಹೊರಗೆ ಬಂದರೆ ಒಂದು ಒಳ್ಳೆಯದಾಗುತ್ತದೆ: ಮಗುವೇ ಗುರು ಆಗುತ್ತದೆ, ಟೀಚರಿಗೆ ಹೆಸರು ಹೇಳಿಕೊಡುತ್ತದೆ. ಒಂದು ಕೆಟ್ಟದ್ದೂ ಆಗುತ್ತದೆ. ತೋಡಿನ ಬದಿಯಲ್ಲಿ "ಅಲ್ಲೇ ನಿಲ್ಲು, ಹಿಂದೆ ಬಾ, ಕೈ ಹಾಕಬೇಡ" ಅಂತ ಕೂಗಬೇಕಾದಾಗ ಆ ಮಾತು ಎಂಟು ವರ್ಷದ ಮಗುವಿಗೆ ಕೂಡಲೇ ಅರ್ಥವಾಗಬೇಕು. ಭಾಷೆಯನ್ನು ನಾವು ಸಂಸ್ಕೃತಿಯ ವಿಷಯ ಅಂತಲೇ ಮಾತಾಡುತ್ತೇವೆ. ಹೊರಗೆ ಅದು ಸುರಕ್ಷತೆಯ ವಿಷಯ.

ಮಳೆಯ ಲೆಕ್ಕ, ಕಟ್ಟದ ಲೆಕ್ಕ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಶಾಲೆಯ ಮಾಡನ್ನು (ಛಾವಣಿಯನ್ನು) ಮಕ್ಕಳೇ ಟೇಪು ಹಿಡಿದು ಅಳೆಯಲಿ. 20 ಮೀಟರ್ ಉದ್ದ, 8 ಮೀಟರ್ ಅಗಲ ಇದ್ದರೆ 160 ಚದರ ಮೀಟರ್. ವರ್ಷಕ್ಕೆ ಅದರ ಮೇಲೆ ಬೀಳುವ ನೀರು 5,60,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 112 ಟ್ಯಾಂಕರ್. ಏಪ್ರಿಲಿನಲ್ಲಿ ಅದೇ ಊರಿಗೆ ಪಂಚಾಯತಿನ ನೀರಿನ ಟ್ಯಾಂಕರ್ ಬರುತ್ತದೆ! ಇಷ್ಟು ಮಳೆ ಎಲ್ಲಿ ಹೋಯಿತು ಎಂದು ಯಾವ ಮಗುವೂ ಕೇಳದೆ ಬಿಡುವುದಿಲ್ಲ. ಈ ಪಾಠಕ್ಕೆ ಒದ್ದೆಯಾಗಬೇಕಾಗಿಯೂ ಇಲ್ಲ. ಜಗಲಿಯಲ್ಲಿ ನಿಂತು, ಬಾಟಲಿ ಕತ್ತರಿಸಿ ಮಾಡಿದ ಮಳೆಮಾಪಕವನ್ನು ದಿನಾ ಒಬ್ಬ ನೋಡಿ ಬರೆದಿಟ್ಟರೆ ಸಾಕು.

ಉತ್ತರವೂ ಅಂಗಳದಾಚೆಯೇ ಇದೆ. ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕೆಳಗೆ ಇಳಿಸಿ ಬಿಡುತ್ತದೆ. ಅದಕ್ಕೇ ನಮ್ಮ ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದರು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹೊರಗೆ ಬರುತ್ತದೆ. ಸುರಂಗದ ಒಳಗೆ ಮಕ್ಕಳನ್ನು ಬಿಡಬಾರದು. ಮಣ್ಣು ಕುಸಿಯಬಹುದು, ಒಳಗೆ ಗಾಳಿ ಸಾಲದೆ ಹೋಗಬಹುದು. ಬಾಯಿಯ ಹತ್ತಿರ ನಿಂತು, ಕೊರೆದ ಅನುಭವ ಇರುವ ಅಜ್ಜನೊಬ್ಬನ ಮಾತು ಕೇಳಿಸಿದರೆ ಸಾಕು. ಆ ಅಜ್ಜನಿಗೆ ಎಲ್ಲಿ ಕೊರೆದರೆ ನೀರು ಸಿಗುತ್ತದೆ ಅಂತ ಗಿಡ ನೋಡಿ ಹೇಳಲು ಬರುತ್ತದೆ. ಅವನ ಹತ್ತಿರ ಬಿ.ಎಡ್. ಇಲ್ಲ, ಅಷ್ಟೇ.

ಮಳೆ ಕಳೆದು ತೋಡಿನ ನೀರು ಇಳಿಯುವ ಹೊತ್ತಿಗೆ ಬಜಕೂಡ್ಲು, ಪಡ್ರೆ, ಬದಿಯಡ್ಕದ ಕಡೆ ತೋಟದವರು ಕಟ್ಟ ಹಾಕುತ್ತಾರೆ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಈಗೀಗ ಪ್ಲಾಸ್ಟಿಕ್ ಶೀಟು. ಎರಡು ವರ್ಷದ ಹಿಂದೆ ನಾವು ಐದನೇ ಕ್ಲಾಸಿನವರನ್ನು ಅಂಥ ಒಂದು ತೋಡಿಗೆ ಕರೆದುಕೊಂಡು ಹೋಗಿದ್ದೆವು. 10 ಮೀಟರ್ ಅಳೆದು ಎರಡು ಗೂಟ ಹೊಡೆದೆವು. ಒಂದು ಒಣ ಎಲೆ ಬಿಟ್ಟೆವು. ಎಲೆ ದಾಟಲು 40 ಸೆಕೆಂಡು. ತೋಡು 2 ಮೀಟರ್ ಅಗಲ, ಕಾಲು ಮೀಟರ್ ಆಳ. ಲೆಕ್ಕ ಹಾಕಿದರೆ ಸೆಕೆಂಡಿಗೆ 125 ಲೀಟರ್, ಗಂಟೆಗೆ ನಾಲ್ಕೂವರೆ ಲಕ್ಷ ಲೀಟರ್. ಮಕ್ಕಳು ಬಾಯಿ ಬಿಟ್ಟರು. ಒಬ್ಬಳು ಮಾತ್ರ ಒಪ್ಪಲಿಲ್ಲ. ಎಲೆ ಮೇಲೆ ತೇಲಿದ್ದು, ಅಡಿಯಲ್ಲಿ ಕಲ್ಲಿಗೆ ತಾಗಿ ನೀರು ಮೆಲ್ಲ ಹೋಗುತ್ತಿದೆ, ಹಾಗಾಗಿ ನಿಮ್ಮ ಲೆಕ್ಕ ಜಾಸ್ತಿ ಬಂತು ಅಂದಳು. ಸರಿಯಾದ ಮಾತು. ನೀರು ಅಳೆಯುವ ಇಂಜಿನಿಯರುಗಳು ಇದಕ್ಕೇ ಒಂದಿಷ್ಟು ಕಳೆದು ಲೆಕ್ಕ ಹಾಕುತ್ತಾರೆ. ಕ್ಲಾಸಿನಲ್ಲಿ ಆಕೆ ಲೆಕ್ಕದಲ್ಲಿ ಹಿಂದೆ.

ಹೋಗುವುದು ಯಾವಾಗ?

ಇಷ್ಟೆಲ್ಲ ಹೇಳಿದ ಮೇಲೆ ಕ್ಯಾಲೆಂಡರ್ ತೆರೆಯಬೇಕು. ಉತ್ಸಾಹ ಸ್ವಲ್ಪ ಇಳಿಯುವುದು ಅಲ್ಲಿಯೇ.

ಜೂನ್, ಜುಲೈ ಎರಡೂ ಮಳೆಯ ತಿಂಗಳು. ರೆಡ್ ಅಲರ್ಟ್ ಬಂದರೆ ಕಲೆಕ್ಟರು ರಜೆ ಕೊಡುತ್ತಾರೆ. ಆಗಸ್ಟಿನ ಕೊನೆಗೆ ಸಾಮಾನ್ಯವಾಗಿ ಓಣಂ ಪರೀಕ್ಷೆ, ಹಿಂದೆಯೇ ಓಣಂ ರಜೆ. ಪಾದೆಯ (ಬಂಡೆಯ ಹಾಸಿನ) ಮೇಲೆ ನೀಲಿ ಹೂವಿನ ಹಾಸು ಬಿಚ್ಚುವುದೂ ಸರಿಯಾಗಿ ಅದೇ ಹೊತ್ತಿಗೆ. ಮಲಯಾಳದವರು ಕಾಕ್ಕಪ್ಪೂವ್ ಅನ್ನುವ ಆ ಪುಟ್ಟ ಗಿಡ ಕೀಟಗಳನ್ನು ಹಿಡಿದು ತಿನ್ನುತ್ತದೆ. ಮಕ್ಕಳಿಗೆ ಇದಕ್ಕಿಂತ ದೊಡ್ಡ ಪತ್ತೇದಾರಿ ಕತೆ ಬೇಕಾ? ಆಗ ಅವರು ಪರೀಕ್ಷೆ ಬರೆಯುತ್ತಿರುತ್ತಾರೆ. ಅಕ್ಟೋಬರ್, ನವೆಂಬರ್ ಅಂದರೆ ಉಪಜಿಲ್ಲೆಯ ಶಾಸ್ತ್ರಮೇಳ (ವಿಜ್ಞಾನ ಮೇಳ), ಕ್ರೀಡಾಕೂಟ, ಕಲೋತ್ಸವ. ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ. ಆಮೇಲೆ ಎಲ್.ಎಸ್.ಎಸ್., ಯು.ಎಸ್.ಎಸ್. ಎಂಬ ಸ್ಕಾಲರ್‌ಶಿಪ್ ಪರೀಕ್ಷೆಗಳ ತಯಾರಿ. ಫೆಬ್ರವರಿ ಕಳೆದರೆ ಹನ್ನೊಂದು ಗಂಟೆಗೇ ಮುರಕಲ್ಲು ಕಾದು ಹೊರಗೆ ನಿಲ್ಲಲಾಗುವುದಿಲ್ಲ.

ಬೇಸಿಗೆ ರಜೆಯನ್ನು ಮಳೆಗಾಲಕ್ಕೆ, ಜೂನ್ ಜುಲೈಗೆ ಸರಿಸಿದರೆ ಹೇಗೆ ಎಂದು ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ 2025ರಲ್ಲಿ ಚರ್ಚೆಗೆ ಬಿಟ್ಟರು. ಮಳೆ ರಜೆಯ ಗೊಂದಲ ತಪ್ಪುತ್ತದೆ, ನಿಜ. ಆದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಶೀಟಿನ ಮಾಡಿನ ಕೆಳಗೆ ಕೂರಬೇಕಾಗುತ್ತದೆ. ಹೊರಗಿನ ಪಾಠಕ್ಕೆ ಅದರಿಂದ ಏನೂ ಸಿಗುವುದಿಲ್ಲ. ನಮಗೆ ಬೇಕಾದದ್ದು ಸೆಪ್ಟೆಂಬರಿನಿಂದ ಜನವರಿಯವರೆಗೆ ವಾರಕ್ಕೆ ಒಂದೇ ಒಂದು ಖಾಲಿ ಪೀರಿಯಡ್. ಅದನ್ನು ಯಾರೂ ಕೊಡುವುದಿಲ್ಲ.

ಕೊಟ್ಟರೂ ಜನ ಬೇಕು. ಕಾನೂನಿನ ಪ್ರಕಾರ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ ಟೀಚರ್. ಕ್ಲಾಸಿನೊಳಗೆ ಇದು ಸಾಕು. ತೋಡಿನ ಬದಿಯಲ್ಲಿ 30 ಮಕ್ಕಳಿಗೆ ಒಬ್ಬರು ಸಾಲುವುದೇ ಇಲ್ಲ. ಮಕ್ಕಳು ಕಡಿಮೆಯಾಗಿ ಸರಕಾರದ ಕಡತದಲ್ಲಿ "ಅನ್‌ಎಕನಾಮಿಕ್" ಅನ್ನಿಸಿಕೊಂಡ ಸಣ್ಣ ಕನ್ನಡ ಶಾಲೆಗಳಿಗೆ ಇಲ್ಲೊಂದು ಅನುಕೂಲ ಉಂಟು. ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಹೋಗುವುದು ಸುಲಭ. ಆದರೆ ಒಬ್ಬ ಟೀಚರ್ ಹೊರಟರೆ ಎರಡು ಕ್ಲಾಸು ಖಾಲಿ. ತಾಯಂದಿರು ಜೊತೆಗೆ ಬರಬಹುದು, ಬರುತ್ತಾರೆ ಕೂಡ. ಕೂಲಿ ಬಿಟ್ಟು ಬರಬೇಕಾದವರು ಬರುವುದಿಲ್ಲ. ಅವರನ್ನು ದೂರುವ ಹಾಗಿಲ್ಲ.

ಇನ್ನೊಂದು, ಯೂನಿಫಾರಂ. ನಗಬೇಡಿ. ಮಳೆಗಾಲದಲ್ಲಿ ಒಮ್ಮೆ ಕೆಸರಾದ ಬಟ್ಟೆ ಒಣಗಲು ಎರಡು ಮೂರು ದಿನ ಬೇಕು. ಎರಡು ಜೊತೆ ಮಾತ್ರ ಇರುವ ಮನೆಯಲ್ಲಿ ಒಂದು ದಿನದ ಕೆಸರುಗದ್ದೆ ಆಟ ಅಂದರೆ ತಾಯಿಗೆ ಒಲೆಯ ಮೇಲೆ ಬಟ್ಟೆ ಒಣಗಿಸುವ ಕೆಲಸ. "ಟೀಚರೇ, ಶಾಲೆಗೆ ಕಳಿಸಿದ್ದು ಓದಲಿಕ್ಕಾ, ಕೆಸರಿನಲ್ಲಿ ಹೊರಳಲಿಕ್ಕಾ?" ಎಂಬ ಮಾತಿನ ಹಿಂದೆ ಈ ಒದ್ದೆ ಬಟ್ಟೆ ಇದೆ. ಹೆಣ್ಣುಮಕ್ಕಳ ಶೌಚಾಲಯದ ಪ್ರಶ್ನೆಯೂ ಇದೆ. ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಎಂಟನೇ ಕ್ಲಾಸಿನ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ.

ಅಪಾಯ ಎಲ್ಲಿದೆ?

ಹಾವು, ನಾಯಿ, ನೀರು. ಹೆತ್ತವರು ಹೇಳುವ ಮೂರು ಹೆಸರು. ಮೂರೂ ನಿಜ. ಮುರಕಲ್ಲಿನ ಸಂದಿಯಲ್ಲಿ ಹಾವು ಇರುತ್ತದೆ. ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ಕೆರೆಯಾಗುತ್ತವೆ. ಅಂಚು ನೇರ, ಇಳಿದರೆ ಹತ್ತಲು ಹಿಡಿ ಇಲ್ಲ. ಕೆಸರಿನಲ್ಲಿ ಇಲಿಜ್ವರದ ಭಯ. ಕಾಲಿನಲ್ಲಿ ಗಾಯ ಇರುವ ಮಗುವನ್ನು ಗದ್ದೆಗೆ ಇಳಿಸಲೇಬಾರದು.

ಆದರೆ ಕೇರಳದ ಶಾಲೆಗಳಲ್ಲಿ ನಡೆದ ದೊಡ್ಡ ದುರಂತಗಳನ್ನು ಸಾಲಾಗಿ ಇಟ್ಟು ನೋಡಿ. 2007ರ ಫೆಬ್ರವರಿಯಲ್ಲಿ ತಟ್ಟೇಕ್ಕಾಡಿನಲ್ಲಿ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕರು ಹೋದರು. ಪ್ರವಾಸಕ್ಕೆ ಬಂದವರು. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟ ಟೂರ್ ಬಸ್ಸು ರಾತ್ರಿ ಇನ್ನೊಂದು ಬಸ್ಸಿಗೆ ಹೊಡೆದು 9 ಜನ ಸತ್ತರು. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ಕ್ಲಾಸಿನ ಹುಡುಗಿಗೆ ಹಾವು ಕಚ್ಚಿದ್ದು ಕ್ಲಾಸಿನೊಳಗೆ, ನೆಲದ ತೂತಿನಿಂದ. ನಮ್ಮದೇ ಜಿಲ್ಲೆಯ ಅಂಗಡಿಮೊಗರಿನಲ್ಲಿ 2023ರ ಜುಲೈಯಲ್ಲಿ ಶಾಲೆಯ ಆವರಣದ ಮರ ಬಿದ್ದು ಆರನೇ ಕ್ಲಾಸಿನ ಮಗು ತೀರಿಕೊಂಡಿತು. ಶಾಲೆ ಬಿಟ್ಟು ಮನೆಗೆ ಹೊರಟ ಹೊತ್ತು ಅದು.

ಇವುಗಳಲ್ಲಿ ಒಂದೂ ನಡೆದು ಹೋಗಿ ಗಿಡ ನೋಡುವಾಗ ಆದದ್ದಲ್ಲ. ಒಂದೋ ದೂರದ ಟೂರು, ಇಲ್ಲ ರಿಪೇರಿ ಮಾಡದ ಕಟ್ಟಡ, ಗಮನಿಸದ ಮರ. ಹಾಗಿದ್ದರೂ ಅಪಘಾತ ಆದ ಕೂಡಲೇ ನಿಲ್ಲುವುದು ಹತ್ತಿರದ ನಡಿಗೆ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಮಕ್ಕಳು ಗುಡ್ಡೆಗೆ ಹೋದಾಗ ಮೂವರಿಗೆ ಕಣಜ ಕಚ್ಚಿತು. ಸಂಜೆಗೆ ಊತ ಇಳಿಯಿತು. ಶಾಲೆ ಮಾತ್ರ ಎರಡು ವರ್ಷ ಗೇಟಿನಿಂದ ಹೊರಗೆ ಕಾಲಿಡಲಿಲ್ಲ. ಆ ಎರಡೂ ವರ್ಷ ಮೈಸೂರಿಗೆ ಬಸ್ಸು ಹೋಗಿತ್ತು, ದುಡ್ಡು ಕೊಡಲು ಆದವರ ಮಕ್ಕಳನ್ನು ತುಂಬಿಕೊಂಡು. ಟೂರಿನಲ್ಲಿ ಏನು ಕಲಿತೆ ಅಂತ ನೆರೆಮನೆಯ ಹುಡುಗನನ್ನು ಕೇಳಿದ್ದೆ. "ಬಸ್ಸಲ್ಲಿ ಡ್ಯಾನ್ಸ್ ಇತ್ತು ಮಾವ," ಅಂದ. ನಾನೂ ಚಿಕ್ಕವನಿದ್ದಾಗ ಬೇಕಲ ಕೋಟೆಗೆ ಹೋದದ್ದರಲ್ಲಿ ನೆನಪಿರುವುದು ಐಸ್‌ಕ್ಯಾಂಡಿ ಒಂದೇ. ಟೂರು ಬೇಡ ಅನ್ನುತ್ತಿಲ್ಲ. ಅದನ್ನು ಪಾಠ ಅಂತ ಕರೆಯುವುದು ಬೇಡ.

ಇಲ್ಲಿನ ಹೊರಗು ಮುಗ್ಧವಲ್ಲ

ಹೊರಾಂಗಣ ಕಲಿಕೆಯ ಬಗ್ಗೆ ಬರೆಯುವವರು ಶುದ್ಧ ಗಾಳಿ, ಹಸಿರು ಅಂತ ಶುರು ಮಾಡುತ್ತಾರೆ. ಕಾಸರಗೋಡಿನಲ್ಲಿ ಹಾಗೆ ಬರೆಯಲು ಕೈ ಬರುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸದ್ದು ಕೇಳಿದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ಮೇಲೆ ನೋಡುತ್ತಿದ್ದ ನೆನಪನ್ನು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಅದರ ಫಲ ಮನೆ ಮನೆಯಲ್ಲಿ ಮಲಗಿದೆ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ.

ಇದರಿಂದ ಎರಡು ವಿಷಯ ಹುಟ್ಟುತ್ತವೆ. ಮೊದಲನೆಯದು, ತೋಟದ ಬದಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ಅಲ್ಲಿ ಮದ್ದು ಬಿಟ್ಟು ಎಷ್ಟು ದಿನ ಆಯಿತು ಅಂತ ತೋಟದವರನ್ನು ಕೇಳಲೇಬೇಕು. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಆಗಲಿ, ಕಳೆನಾಶಕ ಆಗಲಿ. ನಾನು ಕಂಡ ಯಾವ ಸುತ್ತೋಲೆಯೂ ಇದನ್ನು ಹೇಳುವುದಿಲ್ಲ. ಎರಡನೆಯದು, ನಡೆಯಲಾಗದ ಮಕ್ಕಳು. ವಿಶೇಷ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗಳಲ್ಲಿ, ಸಾಮಾನ್ಯ ಶಾಲೆಗಳಲ್ಲಿ ಕೂಡ ಅವರಿದ್ದಾರೆ. ಗುಡ್ಡೆ ಹತ್ತುವುದನ್ನೇ ಹೊರಗಿನ ಪಾಠ ಅಂದರೆ ಅವರು ಕ್ಲಾಸಿನಲ್ಲೇ ಉಳಿದರು. ಅಂಗಳದ ಮರದ ಕೆಳಗೆ, ಜಗಲಿಯ ಮಳೆಮಾಪಕದ ಹತ್ತಿರ ಪಾಠ ನಡೆದರೆ ಗಾಲಿಕುರ್ಚಿಯೂ ಬರುತ್ತದೆ. ಹತ್ತಿರ ಇರಲಿ ಅಂತ ನಾನು ಪದೇ ಪದೇ ಹೇಳುವುದಕ್ಕೆ ಇದೂ ಒಂದು ಕಾರಣ.

ಮರದ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ತೀರ್ಮಾನ ಆಗಲಿಲ್ಲ. ಅಂಗಡಿಮೊಗರು ಎಲ್ಲರ ಮನಸ್ಸಿನಲ್ಲಿತ್ತು. ಮಾಡಿನ ಕಡೆ ಬಾಗಿದ ಎರಡು ಕೊಂಬೆ ಕಡಿಸಿದರು. ಬುಡ ಪೊಳ್ಳಾಗಿದೆಯಾ ಅಂತ ಮರ ಗೊತ್ತಿರುವವರೊಬ್ಬರನ್ನು ಕರೆಸಿ ತಟ್ಟಿಸಿ ನೋಡಿದರು. ಗಟ್ಟಿ ಇತ್ತು. ಆಮೇಲೆ ನಾಲ್ಕನೇ ಕ್ಲಾಸಿನ ಟೀಚರ್ ಮಕ್ಕಳನ್ನೆಲ್ಲ ಅದರ ಕೆಳಗೆ ಕೂರಿಸಿ ಬೀಜ ತೋರಿಸಿದರು. ಮುಟ್ಟಬಹುದು, ಬಾಯಿಗೆ ಹಾಕಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಇದೇ ಬೀಜವನ್ನು ವೈದ್ಯರು ಶುದ್ಧಿ ಮಾಡಿ ಮದ್ದಿಗೆ ಬಳಸುತ್ತಾರೆ, ಹಣ್ಣಿನ ತಿರುಳನ್ನು ಓಂಗಿಲೆ (ಮಂಗಟ್ಟೆ) ಹಕ್ಕಿ ತಿಂದು ಬೀಜ ಉಗುಳುತ್ತದೆ ಅಂತಲೂ ಹೇಳಿದರು.

ಮಕ್ಕಳು ಒಂದು ಹಲಗೆ ಬರೆದು ಬುಡದಲ್ಲಿ ನೆಟ್ಟಿದ್ದಾರೆ. ಕಾಸರಕ, ಕಾಯೆರ್, ಕಾಞಿರಂ ಅಂತ ಮೂರು ಹೆಸರು. ಮರಾಠಿಯ ಹೆಸರಿಗೆ ಅಂತ ಒಂದು ಸಾಲು ಖಾಲಿ ಬಿಟ್ಟಿದ್ದಾರೆ. ಕರಾಡರ ಮನೆಯ ಹುಡುಗಿ ಅಜ್ಜಿಯನ್ನು ಕೇಳಿ ಬರುತ್ತೇನೆ ಅಂದಿದ್ದಾಳೆ.